ಹೋಶೇಯ, ಯೆರೆಮೀಯ, ಯೆಹೆಜ್ಕೇಲ, ಯೆಶಾಯ: ಯಾರಿಂದ ಶುರು ಮಾಡೋಣ?

ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಕಾಲ ಹತ್ತಿರ ಬಂತೆಂದರೆ ನಮ್ಮ ಬುಧವಾರದ ಸತ್ಯವೇದ, ಅಂದರೆ ಬೈಬಲ್, ಓದಿನ ಗುಂಪಿನಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. "ಈ ಸಲ ಪ್ರವಾದಿಗಳನ್ನು ಓದೋಣ, ಆದ್ರೆ ಯಾರಿಂದ ಶುರು ಮಾಡೋದು?" ಒಬ್ಬರು ಯೆಶಾಯನ ಮೊದಲ ಅಧ್ಯಾಯದಿಂದ ಹಿಡಿದು ಹದಿಮೂರಕ್ಕೆ ಬರುವಷ್ಟರಲ್ಲಿ ಕೈಬಿಟ್ಟಿರುತ್ತಾರೆ. ಇನ್ನೊಬ್ಬರಿಗೆ ಯೆಹೆಜ್ಕೇಲನ ಒಣ ಎಲುಬುಗಳ ಕಣಿವೆ ಗೊತ್ತು, ಅದರ ಹಿಂದೆ ಮುಂದೆ ಏನಿದೆ ಅನ್ನುವುದು ಗೊತ್ತಿಲ್ಲ. ಮತ್ತೊಬ್ಬರು ಯಾವುದೋ ಪ್ರಸಂಗದಲ್ಲಿ ಹೋಶೇಯನ ಕಥೆ ಕೇಳಿ ಅಂದಿನಿಂದ ತಲೆಯಲ್ಲೇ ಇಟ್ಟುಕೊಂಡಿದ್ದಾರೆ.

ಹಳೆ ಒಡಂಬಡಿಕೆಯ ಈ ನಾಲ್ವರು ಪ್ರವಾದಿಗಳ ಪುಸ್ತಕಗಳಲ್ಲೂ ಒಂದೇ ಎಳೆ ಇದೆ. ದೇವರು ತನ್ನ ಜನರನ್ನು ಮದುವೆಯಾದವನ ಹಾಗೆ ಸೇರಿಸಿಕೊಂಡ. ಅವರು ಬೇರೆ ದೇವರುಗಳ ಹಿಂದೆ ಹೋದರು, ಬಡವರನ್ನು ತುಳಿದರು. ಮನೆ ಮುರಿಯಿತು. ಆಮೇಲೆ ಆತನೇ ಅವರನ್ನು ಮರಳಿ ಕರೆದ. ಕಥೆ ಒಂದೇ ಆದರೂ ನಾಲ್ವರು ಹೇಳುವ ರೀತಿ ನಾಲ್ಕು ಥರ. ಯಾರಿಗೆ ಯಾವುದು ಹಿಡಿಸುತ್ತದೆ ಅನ್ನುವುದನ್ನು ವರ್ಷಗಟ್ಟಲೆ ಗುಂಪಿನಲ್ಲಿ ಓದುತ್ತಾ ಸ್ವಲ್ಪ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು ಸಮಯ. ಹೋಶೇಯ 14 ಅಧ್ಯಾಯ. ಯೆರೆಮೀಯ 52, ಯೆಹೆಜ್ಕೇಲ 48. ಯೆಶಾಯನ ಪುಸ್ತಕ 66 ಅಧ್ಯಾಯ, ಆದರೆ ನಮ್ಮ ವಿಷಯಕ್ಕೆ ಬೇಕಾದದ್ದು ಮುಖ್ಯವಾಗಿ 40ರಿಂದ 55ರವರೆಗಿನ 16 ಅಧ್ಯಾಯ.

ಎರಡನೆಯದು, ಓದುವವರ ಮೇಲೆ ಅದು ಎಷ್ಟು ಭಾರ ಹಾಕುತ್ತದೆ ಅನ್ನುವುದು. ಗಂಡ ಹೆಂಡತಿಯ ರೂಪಕವನ್ನು ಈ ಪ್ರವಾದಿಗಳು ಮೆತ್ತಗೆ ಬಳಸುವುದಿಲ್ಲ. ಕೆಲವು ಕಡೆ ಬೆತ್ತಲೆ ಮಾಡುವುದು, ಹೊಡೆಯುವುದು ಎಲ್ಲ ಬರುತ್ತದೆ. ಗುಂಪಿನಲ್ಲಿ ಯಾರು ಕೂತಿದ್ದಾರೆ ಎಂದು ನೋಡದೆ ಇದನ್ನು ತೆರೆಯಬಾರದು.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಹೃದಯಕ್ಕೆ ಏನಾಗುತ್ತದೆ? ನಾಲ್ಕು ಪುಸ್ತಕಗಳಲ್ಲೂ ಜನ ಮರಳಿ ಬರುವ ಜಾಗದಲ್ಲಿ ಹೃದಯ ಅನ್ನುವ ಮಾತು ಬರುತ್ತದೆ. ಆದರೆ ಒಬ್ಬೊಬ್ಬರಲ್ಲಿ ಅದಕ್ಕೆ ಆಗುವುದು ಬೇರೆ ಬೇರೆ. ಅದನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಾಲ್ಕನೆಯದು, ಹೊಸ ಒಡಂಬಡಿಕೆ, ಅಂದರೆ ಬೈಬಲ್ಲಿನಲ್ಲಿ ಯೇಸುವಿನಿಂದ ಮುಂದಿನ ಭಾಗ, ಅದನ್ನು ಎಲ್ಲಿ ಎತ್ತಿಕೊಳ್ಳುತ್ತದೆ ಅನ್ನುವುದು. ನಾವು ಕ್ರೈಸ್ತರಾಗಿ ಓದುವಾಗ ಆ ದಾರಿ ಕಾಣಬೇಕಲ್ವಾ.

ಆರಿಸುವ ಮೊದಲೇ ಒಂದು ಮಾತು. ಇದನ್ನು "ಯೆಹೂದ್ಯರು ದ್ರೋಹ ಮಾಡಿದರು, ಅದಕ್ಕೆ ದೇವರು ಅವರನ್ನು ಬಿಟ್ಟು ನಮ್ಮನ್ನು ಹಿಡಿದ" ಎಂದು ಓದಿದರೆ ಪುಸ್ತಕವನ್ನೇ ತಲೆಕೆಳಗು ಹಿಡಿದ ಹಾಗೆ. ಈ ಮಾತುಗಳನ್ನು ಆಡಿದವರೂ ಇಸ್ರಾಯೇಲ್ಯರು, ಕಾಪಾಡಿಕೊಂಡು ಬಂದವರೂ ಅವರೇ. ತಮ್ಮನ್ನೇ ಬೈಯುವ ಪುಸ್ತಕವನ್ನು ಎದೆಗಪ್ಪಿಕೊಂಡು ಉಳಿಸಿದ ಜನ ಅವರು. ದೇವರು ತನ್ನ ಜನರನ್ನು ತಳ್ಳಿಬಿಟ್ಟನೋ ಎಂದು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಕೇಳಿ, ಎಂದಿಗೂ ಇಲ್ಲ ಎಂದು ತಾನೇ ಉತ್ತರಿಸುತ್ತಾನೆ. ಕಸಿ ಕಟ್ಟಿದ ಕೊಂಬೆಯಂತೆ ಆಮೇಲೆ ಸೇರಿದ ನಾವು ಬೇರಿನ ಮುಂದೆ ಜಂಬ ಕೊಚ್ಚಬಾರದು ಎಂದೂ ಹೇಳುತ್ತಾನೆ. ಪ್ರವಾದಿ ಬೆರಳು ತೋರಿಸುವುದು ನಮ್ಮ ಕಡೆಗೆ.

ಹೋಶೇಯ: ಚಿಕ್ಕದು, ಸುಡುವಂಥದ್ದು

ಕ್ರಿ.ಪೂ. 8ನೇ ಶತಮಾನ. ಉತ್ತರದ ಇಸ್ರಾಯೇಲ್ ರಾಜ್ಯ. ಎರಡನೇ ಯಾರೊಬ್ಬಾಮನ ಕಾಲದಲ್ಲಿ ದುಡ್ಡು ಓಡಾಡುತ್ತಿತ್ತು, ಕಾನಾನ್ಯರ ದೇವರಾದ ಬಾಳನ ಪೂಜೆಯೂ ಜೋರಾಗಿತ್ತು. ಕ್ರಿ.ಪೂ. 722ರ ಹೊತ್ತಿಗೆ ಅಶ್ಶೂರ್ಯರು ಸಮಾರ್ಯವನ್ನು ಹಿಡಿದು ಆ ರಾಜ್ಯವನ್ನೇ ಮುಗಿಸಿದರು. ಆ ಅಂಚಿನಲ್ಲಿ ನಿಂತು ಮಾತಾಡಿದವನು ಹೋಶೇಯ.

ಅವನ ಮನೆಯೇ ಅವನ ಸಂದೇಶ. ಹೆಂಡತಿ ಗೋಮೆರಳು. ಮೂರು ಮಕ್ಕಳ ಹೆಸರು ಕೇಳಿದರೆ ಎದೆ ಹಿಂಡುತ್ತದೆ: ಇಜ್ರೇಲ್, ಕರುಣೆ ಸಿಗದವಳು ಎನ್ನುವ ಅರ್ಥದ ಲೋ ರುಹಾಮ, ನನ್ನ ಜನ ಅಲ್ಲ ಎನ್ನುವ ಅರ್ಥದ ಲೋ ಅಮ್ಮಿ. ಮೂರನೇ ಅಧ್ಯಾಯದಲ್ಲಿ ಅವನು ಒಬ್ಬ ಹೆಂಗಸನ್ನು ಬೆಲೆ ಕೊಟ್ಟು ಬಿಡಿಸಿಕೊಂಡು ಬರುತ್ತಾನೆ. ಹೆಸರು ಹೇಳಿಲ್ಲ, ಆದರೆ ಹೆಚ್ಚಿನ ಓದುಗರು ಅವಳು ಗೋಮೆರಳೇ ಎಂದುಕೊಳ್ಳುತ್ತಾರೆ. ಕೊಟ್ಟದ್ದು 15 ಶೆಕೆಲ್ (ಆ ಕಾಲದ ಒಂದು ತೂಕ) ಬೆಳ್ಳಿ, ಜೊತೆಗೆ ಜವೆಗೋಧಿ. ಪೂರ್ತಿ ಬೆಳ್ಳಿ ಕೈಯಲ್ಲಿ ಇರಲಿಲ್ಲವೋ ಏನೋ, ಮನೆಯ ಧಾನ್ಯ ಅಳೆದು ಲೆಕ್ಕ ಸರಿಮಾಡಿದ ಹಾಗೆ ಕಾಣುತ್ತದೆ. ನನಗೆ ಆ ಜವೆಗೋಧಿ ಬೆಳ್ಳಿಗಿಂತ ಜಾಸ್ತಿ ಮಾತಾಡುತ್ತದೆ.

ಹೋಶೇಯನ ಮಾತು ಅಡುಗೆಮನೆಗೂ ಹೊಲಕ್ಕೂ ಹತ್ತಿರ. 7ನೇ ಅಧ್ಯಾಯದಲ್ಲಿ ಎಫ್ರಾಯೀಮನ್ನು, ಅಂದರೆ ಉತ್ತರ ರಾಜ್ಯವನ್ನು, ಮಗುಚಿ ಹಾಕದ ರೊಟ್ಟಿ ಎನ್ನುತ್ತಾನೆ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಮರೆತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಕರಕಲು, ಇನ್ನೊಂದು ಕಡೆ ಹಸಿ ಹಿಟ್ಟು. ಹಬ್ಬ, ಬಲಿ ಎಲ್ಲ ಚೆನ್ನಾಗಿ ಬೆಂದಿದೆ, ಬದುಕು ಬೆಂದಿಲ್ಲ.

ಈಗ 11ನೇ ಅಧ್ಯಾಯಕ್ಕೆ ಬನ್ನಿ. ನಡೆಯಲು ಕಲಿಸಿದ ಮಗುವನ್ನು ನೆನೆಯುತ್ತಾ ದೇವರು, ಎಫ್ರಾಯೀಮೇ, ನಿನ್ನನ್ನು ಹೇಗೆ ಬಿಟ್ಟುಕೊಡಲಿ ಎಂದು ಕೇಳುತ್ತಾನೆ. ಅದ್ಮಾ, ಚೆಬೋಯೀಮ್ ಎನ್ನುವ ಊರುಗಳ ಗತಿ ನಿನಗೆ ಹೇಗೆ ತರಲಿ ಎನ್ನುತ್ತಾನೆ. ಅವು ಸೊದೋಮಿನ ಜೊತೆ ಬುಡಮೇಲಾದ ಊರುಗಳು. ಆಮೇಲೆ ಹೇಳುವುದು: ನನ್ನ ಹೃದಯವೇ ನನ್ನೊಳಗೆ ಮಗುಚಿತು. ಹೀಬ್ರೂವಿನಲ್ಲಿ ಆ ಊರುಗಳು ಬುಡಮೇಲಾದದ್ದಕ್ಕೆ ಮೋಶೆಯ ಪುಸ್ತಕಗಳಲ್ಲಿ ಒಂದಾದ ಧರ್ಮೋಪದೇಶಕಾಂಡ ಬಳಸುವ ಕ್ರಿಯೆಯೂ ಇಲ್ಲಿ ಹೃದಯಕ್ಕೆ ಬಂದ ಕ್ರಿಯೆಯೂ ಒಂದೇ. ರೊಟ್ಟಿ ಮಗುಚಲಿಲ್ಲ ಅನ್ನುವುದಕ್ಕೂ ಅದೇ ಧಾತು. ಜನ ಮಗುಚಲಿಲ್ಲ. ಊರು ಮಗುಚಬೇಕಿತ್ತು. ಮಗುಚಿದ್ದು ದೇವರ ಹೃದಯ. ಹಳೆ ಒಡಂಬಡಿಕೆಯಲ್ಲಿ ಶಿಲುಬೆಗೆ ಇಷ್ಟು ಹತ್ತಿರ ಬಂದ ಸಾಲುಗಳು ಬಹಳ ಇಲ್ಲ ಎಂದೇ ನಾನು ನಂಬಿದ್ದೇನೆ.

ಹೊಸ ಒಡಂಬಡಿಕೆಗೂ ಇದು ನೇರ ದಾರಿ. ಬಲಿ ಬೇಡ, ಕರುಣೆ ಬೇಕು ಎಂಬ 6:6ರ (6ನೇ ಅಧ್ಯಾಯದ 6ನೇ ವಚನದ) ಮಾತನ್ನು ಯೇಸು ಮತ್ತಾಯನ ಸುವಾರ್ತೆಯಲ್ಲಿ ಎರಡು ಸಲ ಹೇಳುತ್ತಾನೆ. ಐಗುಪ್ತದಿಂದ ನನ್ನ ಮಗನನ್ನು ಕರೆದೆ ಎಂಬ 11:1 ಮತ್ತಾಯ 2ರಲ್ಲಿ ಬರುತ್ತದೆ. ನನ್ನ ಜನ ಅಲ್ಲದವರು ನನ್ನ ಜನ ಆದರು ಎಂಬುದನ್ನು ಪೌಲ, ಪೇತ್ರ ಇಬ್ಬರೂ ಎತ್ತಿಕೊಳ್ಳುತ್ತಾರೆ. ಯೆಹೂದ್ಯರು ಕೂಡ ತಮ್ಮ ಹೊಸ ವರ್ಷಕ್ಕೂ ಪ್ರಾಯಶ್ಚಿತ್ತದ ದಿನಕ್ಕೂ ನಡುವಿನ ಸಬ್ಬತ್ತಿನಲ್ಲಿ ಹೋಶೇಯ 14ನ್ನು ಓದುತ್ತಾರೆ. ಇಸ್ರಾಯೇಲೇ, ಹಿಂದಿರುಗು ಎಂಬ ಅದರ ಮೊದಲ ಮಾತೇ ಆ ಸಬ್ಬತ್ತಿನ ಹೆಸರು.

ಇನ್ನು ತೊಂದರೆ. ಅದನ್ನು ನಾನು ಗುಂಪಿನಲ್ಲೇ ಕಲಿತೆ. ಕೆಲವು ವರ್ಷಗಳ ಹಿಂದೆ ಎರಡನೇ ಅಧ್ಯಾಯವನ್ನು ಏನೂ ಯೋಚಿಸದೆ ಜೋರಾಗಿ ಓದಿಸಿದೆ. ಅವಳನ್ನು ಬೆತ್ತಲೆ ಮಾಡುವೆನು, ದಾರಿಗೆ ಮುಳ್ಳು ಹಚ್ಚುವೆನು ಎಂದು ಬರುವ ಭಾಗ ಅದು. ಹೊಡೆಯುವ ಗಂಡನ ಮನೆಯಿಂದ ಹೊರಬಂದಿದ್ದ ಒಬ್ಬ ಅಕ್ಕ ಅಲ್ಲಿ ಕೂತಿದ್ದರು. ಮೆಲ್ಲಗೆ ಎದ್ದು ಹೊರಗೆ ಹೋದರು. ಚಪ್ಪಲಿ ಹಾಕಿಕೊಂಡು ಗೇಟಿನ ಹತ್ತಿರ ನಿಂತೇ ಇದ್ದರು. ಅದೇ ಅಧ್ಯಾಯದಲ್ಲಿ ಮುಂದೆ ದೇವರು ಅವಳನ್ನು ಅಡವಿಗೆ ಕರೆದುಕೊಂಡು ಹೋಗಿ ಅವಳ ಹೃದಯದೊಡನೆ ಮಾತಾಡುತ್ತಾನೆ, ಇನ್ನು ನೀನು ನನ್ನನ್ನು ಒಡೆಯ ಎನ್ನಬೇಡ, ನನ್ನ ಗಂಡ ಎನ್ನು ಎಂದು ಹೇಳುತ್ತಾನೆ, ನಿಜ. ಆದರೆ ಅಲ್ಲಿಗೆ ತಲುಪುವ ಮೊದಲೇ ಆಕೆ ಹೊರಗಿದ್ದರು. ತಪ್ಪು ನನ್ನದು.

ಹಾಗಾಗಿ ಹೋಶೇಯ ಯಾರಿಗೆ? ಸಮಯ ಕಮ್ಮಿ ಇರುವವರಿಗೆ. ತಾವೇ ದಾರಿ ತಪ್ಪಿದೆವು ಎಂದು ಗೊತ್ತಿರುವವರಿಗೆ. ಪ್ರೀತಿಸಿ ಮೋಸಹೋಗಿ ಇನ್ನೂ ಪ್ರೀತಿ ಬಿಡಲಾಗದವರಿಗೆ. ಹಿಂಸೆ ಕಂಡು ಬಂದವರಿಗೆ 11 ಮತ್ತು 14ರಿಂದ ಶುರು ಮಾಡಿಸಿ, 2ನ್ನು ಅವರಾಗಿ ಕೇಳುವವರೆಗೆ ಬಿಡಿ. ಇನ್ನೊಂದು, ಗೋಮೆರಳ ಕಥೆ ತೋರಿಸಿ "ನೀನೂ ಸಹಿಸಿಕೊಂಡು ವಾಪಸ್ ಹೋಗು" ಎಂದು ಯಾವ ಹೆಣ್ಣಿಗೂ ಹೇಳಬೇಡಿ. ಆ ಕಥೆಯಲ್ಲಿ ಹೊಡೆತ ತಿಂದವರು ವಾಪಸ್ ಹೋಗುವುದಿಲ್ಲ. ಮೋಸಹೋದವನು ತಾನೇ ಬೆಲೆ ತೆರುತ್ತಾನೆ.

ಯೆರೆಮೀಯ: ಉದ್ದ, ಅಸ್ತವ್ಯಸ್ತ, ಆದರೆ ನಂಬಿಕಸ್ಥ ಗೆಳೆಯ

ಯೋಷೀಯ ರಾಜನ 13ನೇ ವರ್ಷ, ಕ್ರಿ.ಪೂ. 627ರ ಸುಮಾರು, ಕರೆ ಬಂತು. ಅಲ್ಲಿಂದ ಕ್ರಿ.ಪೂ. 587ರ ಹೊತ್ತಿಗೆ ಯೆರೂಸಲೇಮ್ ಬಾಬೆಲಿನವರ ಕೈಗೆ ಬೀಳುವವರೆಗೂ, ಆಮೇಲೂ ಮಾತಾಡಿದ. ನಲವತ್ತು ವರ್ಷದ ಮಾತು ಒಂದೇ ಪುಸ್ತಕದಲ್ಲಿ, ಅದೂ ಕಾಲಕ್ರಮದಲ್ಲಿ ಇಲ್ಲ. ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೊರಟವರು ಸುಸ್ತಾಗುವುದು ಸಹಜ. ನಿಮ್ಮ ತಪ್ಪಲ್ಲ.

ದ್ರೋಹದ ಮಾತು 2 ಮತ್ತು 3ನೇ ಅಧ್ಯಾಯದಲ್ಲಿ ಇದೆ. ಬುಗ್ಗೆಯ ನೀರು ಬಿಟ್ಟು ಒಡೆದ ತೊಟ್ಟಿ ತೋಡಿಕೊಂಡಿರಿ ಎನ್ನುತ್ತಾನೆ. ಆಮೇಲೆ ಒಂದು ಕಾನೂನಿನ ಪ್ರಶ್ನೆ ಎತ್ತುತ್ತಾನೆ. ಗಂಡ ಬಿಟ್ಟ ಹೆಂಡತಿ ಇನ್ನೊಬ್ಬನನ್ನು ಮದುವೆಯಾದ ಮೇಲೆ ಮೊದಲನೆಯವನ ಬಳಿ ಹೋಗುವಂತಿಲ್ಲ, ಧರ್ಮೋಪದೇಶಕಾಂಡ 24 ಹಾಗೆ ಹೇಳುತ್ತದೆ. ದೇವರು ವಿಚ್ಛೇದನದ ಪತ್ರ ಕೊಟ್ಟೂ ಆಗಿದೆ. ಆದರೂ ಅದೇ ಅಧ್ಯಾಯದಲ್ಲಿ ಹಿಂದಿರುಗಿ ಬಾ ಎನ್ನುತ್ತಾನೆ. ತಾನೇ ಕೊಟ್ಟ ಕಾನೂನು ಮುಚ್ಚಿದ ಬಾಗಿಲನ್ನು ತೆರೆಯುತ್ತಾನೆ.

ಇಲ್ಲಿ ಹೃದಯಕ್ಕೆ ಆಗುವುದು ಬರಹ. 31ನೇ ಅಧ್ಯಾಯದಲ್ಲಿ ದೇವರು ಜನರೊಡನೆ ಮಾಡುವ ಹೊಸ ಒಪ್ಪಂದ, ಅಂದರೆ ಹೊಸ ಒಡಂಬಡಿಕೆ ಬರುತ್ತದೆ, ಕಲ್ಲಿನ ಹಲಗೆಯ ಮೇಲಲ್ಲ, ಹೃದಯದ ಮೇಲೆ ಬರೆಯುತ್ತೇನೆ ಎನ್ನುವಂತೆ. ಇಬ್ರಿಯರಿಗೆ ಬರೆದ ಪತ್ರದ 8ನೇ ಅಧ್ಯಾಯ ಇದನ್ನು ಪೂರ್ತಿಯಾಗಿ ಎತ್ತಿ ಹೇಳುತ್ತದೆ. ಹೊಸ ಒಡಂಬಡಿಕೆ ಎಂಬ ಬೈಬಲ್ಲಿನ ಭಾಗದಲ್ಲಿ ಹಳೆಯದರಿಂದ ತೆಗೆದ ಅತಿ ಉದ್ದದ ಉಲ್ಲೇಖ ಅದೇ. ಪ್ರತಿ ಸಲ ಪ್ರಭುಭೋಜನದಲ್ಲಿ ಪಾತ್ರೆ ಎತ್ತಿ "ಹೊಸ ಒಡಂಬಡಿಕೆ" ಎನ್ನುವಾಗ ನಾವು ಯೆರೆಮೀಯನ ಮಾತನ್ನೇ ಆಡುತ್ತಿದ್ದೇವೆ.

ಆದರೆ ಯೆರೆಮೀಯನನ್ನು ನಾನು ಪ್ರೀತಿಸುವುದು 32ನೇ ಅಧ್ಯಾಯಕ್ಕೆ. ಬಾಬೆಲಿನ ಸೈನ್ಯ ಊರನ್ನು ಸುತ್ತಿದೆ. ಪ್ರವಾದಿ ಕಾವಲಿನ ಅಂಗಳದಲ್ಲಿ ಬಂಧಿ. ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ನಾಳೆ ವೈರಿಯ ಪಾಲಾಗುವ ಹೊಲ! ಯೆರೆಮೀಯ 17 ಶೆಕೆಲ್ ಬೆಳ್ಳಿ ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಕ್ರಯಪತ್ರ ಬರೆದು, ಸಾಕ್ಷಿ ಹಾಕಿಸಿ, ಮೊಹರು ಒತ್ತಿಸಿ, ಬಹಳ ದಿನ ಉಳಿಯಲಿ ಎಂದು ಮಣ್ಣಿನ ಮಡಕೆಯಲ್ಲಿ ಇಡಿಸುತ್ತಾನೆ. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷೆತೋಟ ಕೊಳ್ಳುವ ದಿನ ಬರುತ್ತದೆ ಅನ್ನುವುದಕ್ಕೆ ಆ ಮಡಕೆ ಸಾಕ್ಷಿ. ಜಮೀನಿನ ಕಾಗದವನ್ನು ಟ್ರಂಕಿನಲ್ಲಿ ಜೋಪಾನ ಮಾಡಿದ ಮನೆಯವರಿಗೆ ಇದು ಒಂದೇ ಓದಿಗೆ ಅರ್ಥವಾಗುತ್ತದೆ.

ಸಮಯ ಇಲ್ಲದಿದ್ದರೆ 2, 3 ಮತ್ತು 29ರಿಂದ 33, ಒಟ್ಟು ಏಳು ಅಧ್ಯಾಯ ಸಾಕು. ಊರು ಬಿಟ್ಟು ದೂರ ಕೆಲಸಕ್ಕೆ ಹೋದವರಿಗೆ, ವಿದೇಶದಲ್ಲಿರುವ ನಮ್ಮವರಿಗೆ 29ನೇ ಅಧ್ಯಾಯದ ಪತ್ರ ತುಂಬಾ ಹತ್ತಿರವಾಗುತ್ತದೆ: ಅಲ್ಲೇ ಮನೆ ಕಟ್ಟಿ, ತೋಟ ಹಾಕಿ, ಆ ಊರಿನ ಒಳಿತಿಗೆ ಪ್ರಾರ್ಥಿಸಿ.

ಯೆಹೆಜ್ಕೇಲ: ಹುಷಾರಾಗಿ ತೆರೆಯಿರಿ

ಯೆಹೆಜ್ಕೇಲ ಯಾಜಕ. ಕ್ರಿ.ಪೂ. 597ರಲ್ಲೇ ಬಾಬೆಲಿಗೆ ಸಾಗಿಸಲ್ಪಟ್ಟವನು. ಕೆಬಾರ್ ನದಿಯ ಹತ್ತಿರ ದರ್ಶನ ಕಂಡ. 16ನೇ ಅಧ್ಯಾಯದಲ್ಲಿ ಯೆರೂಸಲೇಮ್ ಒಂದು ಎಸೆದುಹೋದ ಹೆಣ್ಣುಕೂಸು. ಹೊಕ್ಕುಳಬಳ್ಳಿ ಕತ್ತರಿಸಿಲ್ಲ, ಯಾರೂ ಸ್ನಾನ ಮಾಡಿಸಿಲ್ಲ, ರಕ್ತದಲ್ಲಿ ಒದ್ದಾಡುತ್ತಿದೆ. ದೇವರು ಹಾದುಹೋಗುತ್ತಾ, ಬದುಕು ಎನ್ನುತ್ತಾನೆ. ಅಲ್ಲಿಯವರೆಗೆ ಕಣ್ಣೀರು ಬರುತ್ತದೆ. ಮುಂದಿನ ದ್ರೋಹ ಮತ್ತು ಶಿಕ್ಷೆಯ ವರ್ಣನೆ ಬಹಳ ಕ್ರೂರ. 23ನೇ ಅಧ್ಯಾಯ ಇನ್ನೂ ಕಠಿಣ. ಹಳೆಯ ರಬ್ಬಿಗಳಲ್ಲೂ ಎಲೀಯೆಜರ್ ಎಂಬವರು 16ನ್ನು ಸಭಾಮಂದಿರದಲ್ಲಿ ಓದಬಾರದು ಎಂದಿದ್ದು ಯೆಹೂದ್ಯರ ಹಳೆಯ ಧರ್ಮನಿಯಮಗಳ ಸಂಗ್ರಹವಾದ ಮಿಷ್ನಾದಲ್ಲಿ ದಾಖಲಾಗಿದೆ. ನಮ್ಮ ಮುಜುಗರ ಹೊಸದಲ್ಲ.

ಆದರೂ ಇದನ್ನು ಪೂರ್ತಿ ಬಿಡಬೇಡಿ. 36ರಲ್ಲಿ ಹೃದಯಕ್ಕೆ ಆಗುವುದು ಶಸ್ತ್ರಚಿಕಿತ್ಸೆಯಂಥದ್ದು. ಕಲ್ಲಿನ ಹೃದಯ ತೆಗೆದು ಮಾಂಸದ ಹೃದಯ ಕೊಡುತ್ತೇನೆ, ಶುದ್ಧ ನೀರು ಚಿಮುಕಿಸುತ್ತೇನೆ, ನನ್ನ ಆತ್ಮವನ್ನು ನಿಮ್ಮೊಳಗೆ ಇಡುತ್ತೇನೆ. ಅದೂ ನಿಮಗಾಗಿ ಅಲ್ಲ, ನನ್ನ ಹೆಸರಿಗಾಗಿ. ಮೊದಲು ಕೇಳಿದಾಗ ಇದು ಒರಟಾಗಿ ಕಾಣುತ್ತದೆ. ಆದರೆ ಎಷ್ಟು ಸಲ ಪ್ರಯತ್ನಪಟ್ಟರೂ ಅದೇ ಚಟಕ್ಕೆ ಮತ್ತೆ ಬೀಳುವವರನ್ನು ಕೇಳಿ ನೋಡಿ. ನನ್ನ ಯೋಗ್ಯತೆಯ ಮೇಲೆ ನಿಂತಿಲ್ಲ ಅನ್ನುವುದೇ ಅವರಿಗೆ ಉಸಿರು. ನೀರಿನಿಂದಲೂ ಆತ್ಮದಿಂದಲೂ ಹುಟ್ಟಬೇಕು ಎಂದು ಯೇಸು ನಿಕೊದೇಮನೆಂಬ ಯೆಹೂದಿ ಗುರುವಿಗೆ ಹೇಳಿದ್ದರ ಹಿಂದೆ ಈ ಅಧ್ಯಾಯವೇ ಇದೆ ಎಂದು ಬಹಳ ಜನ ಓದುತ್ತಾರೆ, ನಾನೂ ಹಾಗೇ ಓದುತ್ತೇನೆ. 37ರ ಒಣ ಎಲುಬುಗಳು ಎಲ್ಲರಿಗೂ ಸಲ್ಲುತ್ತವೆ, ಮಕ್ಕಳಿಗೂ. 34, 36, 37 ಓದಿ. 16ನ್ನು ಒಬ್ಬರೇ ಕೂತು, ಗಟ್ಟಿ ಮನಸ್ಸಿದ್ದಾಗ ಓದಿ. 23ನ್ನು ಗುಂಪಿನಲ್ಲಿ ನಾನು ಓದಿಸುವುದಿಲ್ಲ.

ಯೆಶಾಯ 40ರಿಂದ 55: ಗಾಯ ಇರುವವರಿಗೆ ಮೊದಲ ಮನೆ

ಯೆಹೂದ್ಯರು ಬಾಬೆಲಿನಲ್ಲಿ ಸೆರೆಯಿದ್ದ ಕೊನೆಯ ವರ್ಷಗಳಿಗೆ ಆಡಿದ ಮಾತು ಇದು. ಬಾಬೆಲನ್ನು ಕ್ರಿ.ಪೂ. 539ರಲ್ಲಿ ಗೆದ್ದ ಪಾರಸಿಯ ರಾಜ ಕೋರೆಷನ ಹೆಸರೇ ಇಲ್ಲಿ ಬರುತ್ತದೆ. ಬರೆದವನು ಅದೇ ಯೆಶಾಯನೋ, ಸೆರೆಯ ಕಾಲದ ಇನ್ನೊಬ್ಬ ಪ್ರವಾದಿಯೋ ಎಂಬ ಚರ್ಚೆ ಇದೆ. ಆರಿಸುವುದಕ್ಕೆ ಅದರಿಂದ ಏನೂ ಬದಲಾಗುವುದಿಲ್ಲ.

ಸಂತೈಸಿ, ನನ್ನ ಜನರನ್ನು ಸಂತೈಸಿ ಎಂದೇ ಶುರು. ಮುಂದಿನ ವಚನದಲ್ಲೇ ಯೆರೂಸಲೇಮಿನ ಹೃದಯದೊಡನೆ ಮಾತಾಡಿ ಎಂದು ಬರುತ್ತದೆ. ಹೋಶೇಯನ ಅಡವಿಯಲ್ಲಿ ಬಂದ ಅದೇ ನುಡಿಗಟ್ಟು. ಅಲ್ಲಿ ಕೊಟ್ಟ ಮಾತು ಇಲ್ಲಿ ನಡೆಯುತ್ತಿದೆ ಅನಿಸುತ್ತದೆ. 50ರಲ್ಲಿ, ನಿಮ್ಮ ತಾಯಿಗೆ ಕೊಟ್ಟ ವಿಚ್ಛೇದನದ ಪತ್ರ ಎಲ್ಲಿ ತೋರಿಸಿ ಎಂದು ಕೇಳುತ್ತಾನೆ. 53, ಬೇರೆಯವರ ಪಾಪಕ್ಕಾಗಿ ನೋವು ಹೊತ್ತ ಸೇವಕನ ಅಧ್ಯಾಯ, ನಮಗೆಲ್ಲ ಗೊತ್ತು. ರಥದಲ್ಲಿ ಕೂತ ಇಥಿಯೋಪ್ಯದ ಕಂಚುಕಿಗೆ ಫಿಲಿಪ್ಪನು ಯೇಸುವಿನ ಸುದ್ದಿ ಹೇಳಿದ್ದು ಆ ಅಧ್ಯಾಯದಿಂದಲೇ.

ಕಮ್ಮಿ ಇರುವುದೂ ಒಂದಿದೆ. ಬರೀ ಇಲ್ಲಿಂದ ಓದಿದರೆ ಸಮಾಧಾನ ಸುಲಭಕ್ಕೆ ಸಿಕ್ಕಿಬಿಡುತ್ತದೆ. ಏನು ಮುರಿದಿತ್ತು ಅನ್ನುವುದು ಗೊತ್ತಾಗದೆ ಏನು ಸರಿಯಾಯಿತು ಅನ್ನುವುದು ತಿಳಿಯುವುದಿಲ್ಲ. ಹಾಯಾಗಿ ಇರುವವರಿಗೆ ನಾನು ಇದನ್ನು ಮೊದಲು ಕೊಡುವುದಿಲ್ಲ, ಹೋಶೇಯನನ್ನೇ ಕೊಡುತ್ತೇನೆ.

ಗೇಟಿನ ಹತ್ತಿರ ನಿಂತ ಆ ಅಕ್ಕ ಕೆಲವು ತಿಂಗಳ ಮೇಲೆ ಮತ್ತೆ ಬಂದರು. ಆಗ 54 ಓದಿದೆವು. ಸ್ವಲ್ಪ ಹೊತ್ತು ನಿನ್ನನ್ನು ಬಿಟ್ಟಿದ್ದೆ, ಆದರೆ ಮಹಾ ಕರುಣೆಯಿಂದ ಸೇರಿಸಿಕೊಳ್ಳುತ್ತೇನೆ ಎಂದು ದೇವರು ಹೇಳುವ ಜಾಗ. ನನಗೆ ಒಳಗೊಳಗೆ ಭಯ, ಇಲ್ಲೂ ಕೋಪದ ಮಾತಿದೆಯಲ್ಲ ಎಂದು. ಆಕೆ ಬೆರಳಿಟ್ಟು ಇನ್ನೊಮ್ಮೆ ಓದಿಕೊಂಡು ಹೇಳಿದರು: "ಇಲ್ಲಿ ಬಿಟ್ಟದ್ದು ನಾನು ಅಂತ ಆತನೇ ಒಪ್ಕೊಳ್ತಾನಲ್ವಾ. ನಮ್ಮನೆಯಲ್ಲಿ ಆ ಮಾತು ಯಾರೂ ಹೇಳಿರಲಿಲ್ಲ." ಇಷ್ಟು ವರ್ಷ ಓದಿಸಿದ ನನಗೆ ಅದು ಕಂಡಿರಲಿಲ್ಲ.

ಯಾವ ಅನುವಾದ, ಎಷ್ಟು ದಿನ

ಕೈಯಲ್ಲಿರುವುದನ್ನೇ ಓದಿ. ಪ್ರೊಟೆಸ್ಟೆಂಟ್ ಮನೆಗಳ ಹಳೆಯ ಸತ್ಯವೇದದಲ್ಲಿ ಯೆಹೋವ ಎಂದಿರುತ್ತದೆ, ಕಥೋಲಿಕರ ಬೈಬಲ್ಲಿನಲ್ಲಿ ಸರ್ವೇಶ್ವರ. ಪ್ರವಾದಿಗಳ ಹೆಸರಿನ ಕಾಗುಣಿತವೂ ಸ್ವಲ್ಪ ಬೇರೆ. ಎರಡೂ ಸಿಕ್ಕರೆ ಪಕ್ಕಪಕ್ಕ ಇಟ್ಟುಕೊಳ್ಳಿ. ಹೀಬ್ರೂ ಕವಿತೆ ಕಷ್ಟವಾದ ಕಡೆ ಒಂದು ಇನ್ನೊಂದನ್ನು ಬಿಡಿಸುತ್ತದೆ.

ಎರಡೇ ದಿನ ಇದ್ದರೆ ಹೋಶೇಯ 1, 3, 11, 14. ಎರಡು ವಾರ ಇದ್ದರೆ ದಿನಕ್ಕೊಂದು ಅಧ್ಯಾಯದಂತೆ ಹೋಶೇಯ ಪೂರ್ತಿ, 2ನ್ನು ಓದುವ ಮುಂಚೆ ನಾಲ್ಕು ಮಾತು ಹೇಳಿ. ಮನೆಯಲ್ಲಿ ಗಾಯ ಇದ್ದರೆ ಯೆಶಾಯ 40ರಿಂದ 55, ಹದಿನಾರು ದಿನ.

ಲೆಂಟ್ ಪೂರ್ತಿ ಸಿಕ್ಕರೆ ನಾವು ಮಾಡುವ ಲೆಕ್ಕ ಹೀಗೆ. ಭಾನುವಾರ ಬಿಟ್ಟು 40 ದಿನ. ಹೋಶೇಯ 14, ಯೆರೆಮೀಯನ ಏಳು, ಯೆಹೆಜ್ಕೇಲನ ಮೂರು, ಯೆಶಾಯನ 16. ಸರಿಯಾಗಿ 40 ಅಧ್ಯಾಯ. ಬೂದಿ ಬುಧವಾರ ಶುರು ಮಾಡಿದರೆ ಪವಿತ್ರ ಗುರುವಾರ ರಾತ್ರಿ ಯೆಶಾಯ 53 ಬರುತ್ತದೆ, ಶುಭ ಶುಕ್ರವಾರ 54, ಶನಿವಾರ 55. ಕಥೋಲಿಕ ಗೆಳೆಯರಿಗೆ ಇದು ಇನ್ನೂ ಚೆನ್ನಾಗಿ ಕೂಡುತ್ತದೆ. ಈಸ್ಟರ್ ಜಾಗರಣೆಯ ವಾಚನಗಳಲ್ಲಿ ಯೆಶಾಯ 54, 55 ಮತ್ತು ಯೆಹೆಜ್ಕೇಲ 36 ಮೂರೂ ಇವೆ.

ಹೋದ ವರ್ಷ ಶುಕ್ರವಾರದ 54ನ್ನು ಆ ಅಕ್ಕನೇ ಓದಿದರು. ಈ ವರ್ಷವೂ ಅದನ್ನು ಅವರಿಗೇ ಇಟ್ಟಿದ್ದೇವೆ.